ಊಟಕ್ಕೆ ಪಾಸ್, ಹಸಿರಿಗೆ ಫೇಲ್

ಬೆಂಗಳೂರಿಂದ ಅಕ್ಕನ ಮನೆಯವರು ಬಂದಿದ್ದರು, ಬಾದಾಮಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಎರಡು ರಾತ್ರಿ ಉಳಿದೆವು. ನಾನು ಬಾಗಲಕೋಟೆಯವನೇ, ಮನೆಯಿಂದಲೇ ಹೋಗಿ ಬರಬಹುದಿತ್ತು, ಆದರೆ ಭಾವನಿಗೆ ಬಿಸಿಲೇರೋ ಮುಂಚೆ ಗುಹೆ ನೋಡಬೇಕಿತ್ತು. ರೆಸಾರ್ಟಿನ ಹೆಸರು ಹಾಕಲ್ಲ. ಜಾಹೀರಾತಿನಲ್ಲಿ ‘ಪರಿಸರಸ್ನೇಹಿ ಸರ್ಟಿಫಿಕೇಟ್ ಪಡೆದ’ ಅಂತ ಇತ್ತು, ಅದನ್ನು ನಂಬಿ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟೆ. ಅದಕ್ಕೇ ಈ ರಿವ್ಯೂ.

ಊಟದ ವಿಷಯದಲ್ಲಿ ಎರಡು ಮಾತಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಕೆಂಪು ಕಲ್ಲಿನ ದಪ್ಪ ಗೋಡೆ, ಹಾಗಾಗಿ ಏಪ್ರಿಲ್‌ನಲ್ಲೂ ಬೆಳಗ್ಗೆ ಹೊತ್ತು ಎಸಿ ಬೇಕು ಅನ್ನಿಸಲಿಲ್ಲ.

ಇನ್ನು ಹಸಿರಿನ ಕಥೆ. ಬಾತ್‌ರೂಮಲ್ಲಿ ಒಂದು ಕಾರ್ಡ್: ‘ನೀರು ಉಳಿಸಿ, ಟವೆಲ್ ಮತ್ತೆ ಬಳಸುವುದಾದರೆ ನೇತು ಹಾಕಿ’. ಹಾಕಿದೆವು. ಸಂಜೆ ಬಂದು ನೋಡಿದರೆ ಎಲ್ಲ ಬದಲಾಗಿದ್ದವು, ಮರುದಿನವೂ ಅದೇ. ಊಟದ ಹಾಲ್‌ನಲ್ಲಿ ಫಿಲ್ಟರ್ ಇದ್ದರೂ ರೂಮಿಗೆ ದಿನಾ ನಾಲ್ಕು ಪ್ಲಾಸ್ಟಿಕ್ ಬಾಟಲಿ. ಶವರ್ ಅಂತೂ ಗೋಕಾಕ ಫಾಲ್ಸ್! ಬಕೆಟ್ ಇಟ್ಟು ಮೊಬೈಲ್‌ನಲ್ಲಿ ಟೈಮ್ ನೋಡಿದೆ (ಹೆಂಡತಿ ನಕ್ಕಿದ್ದೇ ನಕ್ಕಿದ್ದು), 15 ಲೀಟರಿನ ಬಕೆಟ್ ಒಂದೇ ನಿಮಿಷಕ್ಕೆ ತುಂಬಿತು. ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವ ಸೀಮೆ ಇದು, ಅಲ್ವಾ? ಡೆನ್ಮಾರ್ಕ್‌ನಲ್ಲಿ 1994ರಲ್ಲಿ ಶುರುವಾದ ಗ್ರೀನ್ ಕೀ ಅನ್ನೋ ಸರ್ಟಿಫಿಕೇಟ್ ಇದೆ, ಪರಿಸರಸ್ನೇಹಿ ಹೋಟೆಲ್‌ಗಳಿಗೆ ಕೊಡೋದು, ಅದರ ಲೆಕ್ಕದಲ್ಲಿ ಶವರ್‌ಗೆ ನಿಮಿಷಕ್ಕೆ 9 ಲೀಟರ್ ಮಿತಿ. ಕೊಡೋ ಮುಂಚೆ ಹೊರಗಿನವರು ಖುದ್ದು ಬಂದು ನೀರು, ಕರೆಂಟು, ಕಸ, ಟವೆಲ್ ಎಲ್ಲ ನೋಡಿಕೊಂಡು ಹೋಗುತ್ತಾರೆ.

ರಿಸೆಪ್ಶನ್‌ನಲ್ಲಿ ಎಲೆ ಗುರುತಿನ ‘ಪರಿಸರಸ್ನೇಹಿ’ ಬೋರ್ಡು ಇತ್ತು. ಅಲ್ಲಿದ್ದ ಹುಡುಗನನ್ನು ಕೇಳಿದೆ, ‘ತಮ್ಮಾ, ಈ ಎಲೆ ಗುರುತು ಯಾರು ಕೊಟ್ಟಿದ್ದು?’

‘ಅದು ನಮ್ಮ ಮಾಲಕರ ಮಾಡ್ಸ್ಯಾರ್ರಿ ಸರ, ಫ್ಲೆಕ್ಸ್ ಅಂಗಡ್ಯಾಗ.’

ಪರಿಸರಸ್ನೇಹಿ ಬೋರ್ಡು, ಅದೂ ಪ್ಲಾಸ್ಟಿಕ್ ಫ್ಲೆಕ್ಸ್‌ನಲ್ಲಿ!

ಸಣ್ಣವರನ್ನಷ್ಟೇ ಬೈದೂ ಉಪಯೋಗ ಇಲ್ಲ ಬಿಡಿ. ಬುಕಿಂಗ್ ಡಾಟ್ ಕಾಮ್ ಕೂಡ ತನ್ನದೇ ಒಂದು ಹಸಿರು ಗುರುತು ಹಂಚುತ್ತಿತ್ತು, ಇದರಿಂದ ಗ್ರಾಹಕರು ದಾರಿ ತಪ್ಪಬಹುದು ಅಂತ ನೆದರ್ಲೆಂಡ್ಸ್‌ನ ಗ್ರಾಹಕ ಪ್ರಾಧಿಕಾರ ಹೇಳಿದ ಮೇಲೆ 2024ರಲ್ಲಿ ತೆಗೆದುಹಾಕಿತು. ಜಿಎಸ್‌ಟಿಸಿ (ಗ್ಲೋಬಲ್ ಸಸ್ಟೇನಬಲ್ ಟೂರಿಸಂ ಕೌನ್ಸಿಲ್) ಅಂತ ಪರಿಸರಸ್ನೇಹಿ ಪ್ರವಾಸೋದ್ಯಮದ ಒಂದು ಜಾಗತಿಕ ಮಂಡಳಿ ಇದೆ, ಅದು ಹೋಟೆಲ್‌ಗಳಿಗೆ ನೇರವಾಗಿ ಸರ್ಟಿಫಿಕೇಟ್ ಕೊಡಲ್ಲ, ಮಾನದಂಡ ಮಾಡುತ್ತದೆ. ‘ನಮಗೆ ಜಿಎಸ್‌ಟಿಸಿಯವರೇ ಕೊಟ್ಟಿದ್ದಾರೆ’ ಅಂತ ಯಾರಾದರೂ ಅಂದರೆ ಅಲ್ಲೇ ಅನುಮಾನ ಪಡಿ. ಬುಕ್ ಮಾಡೋ ಮುಂಚೆ ಫೋನ್ ಹಚ್ಚಿ ಕೇಳಿ: ಕೊಟ್ಟವರು ಯಾರು, ಎಲ್ಲಿವರೆಗೆ ಚಾಲ್ತಿ. ಆಮೇಲೆ ಕೊಟ್ಟವರ ವೆಬ್‌ಸೈಟಿನಲ್ಲಿ ಆ ಹೋಟೆಲ್ ಹೆಸರು ಹುಡುಕಿ. ನಾನು ಇದನ್ನು ವಾಪಸ್ ಬಂದ ಮೇಲೆ ಮಾಡಿದೆ, ಏನು ಬಂತು ಪ್ರಯೋಜನ.

3 ಸ್ಟಾರ್. ಎರಡು ಸ್ಟಾರ್ ರೊಟ್ಟಿಗೆ, ಒಂದು ಸ್ಟಾರ್ ಸುಳ್ಳು ಹೇಳದ ಆ ಹುಡುಗನಿಗೆ.