ಪೇಂಟ್ ಮೇಲಿನ ಗೀರು ತೋರಿಸುವ ಇನ್ಸ್‌ಪೆಕ್ಷನ್ ಲೈಟ್: ಬಹಳ ಕಾಲ ಬಳಸಿ ನೋಡಿದ ಮೇಲೆ

ಪಾಲಿಶಿಂಗ್ ಮಷೀನ್, ಕಾಂಪೌಂಡ್ (ಗೀರು ಉಜ್ಜಿ ತೆಗೆಯುವ ಒರಟು ಪೇಸ್ಟ್), ಪ್ಯಾಡ್ ಅಂತ ದುಡ್ಡು ಸುರಿಯುವ ಮೊದಲು ಒಂದು ಒಳ್ಳೆ ಇನ್ಸ್‌ಪೆಕ್ಷನ್ ಲೈಟ್ ತಗೊಳ್ಳಿ. ಕಪ್ಪು, ಕಡು ನೀಲಿ, ಮರೂನ್ ಕಾರು ಇಟ್ಟುಕೊಂಡವರಿಗೆ ನಾನು ಮೊದಲು ಹೇಳುವುದೇ ಇದು. ಯಾಕೆಂದರೆ ಎಲ್ಲ ಗೀರೂ ಒಂದೇ ಥರದ್ದಲ್ಲ. ಕೆಲವಕ್ಕೆ ಮೆತ್ತಗಿನ ಪಾಲಿಶ್ ಸಾಕು. ಕೆಲವನ್ನು ಮುಟ್ಟದೇ ಇರುವುದೇ ಮೇಲು.

ನನ್ನದು ಅಂಗೈಯಲ್ಲಿ ಹಿಡಿಯುವಂಥ, ಚಾರ್ಜ್ ಮಾಡಿಕೊಳ್ಳುವ ಎಲ್‌ಇಡಿ ಲೈಟ್. ಹಳದಿ ಛಾಯೆ, ಬಿಳಿ ಎರಡೂ ಬೆಳಕು ಬರುತ್ತದೆ. ಪ್ರಖರತೆ ಹೆಚ್ಚು ಕಮ್ಮಿ ಮಾಡಬಹುದು. ಡಬ್ಬದ ಮೇಲೆ ಸಿಆರ್‌ಐ 95 ಅಂತಿದೆ. ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವುದರ ಅಳತೆ ಅದು, 100ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ಇದೇ ಮಾದರಿ ಬೇರೆ ಬೇರೆ ಹೆಸರಿನಲ್ಲಿ ಮಾರಾಟಕ್ಕಿದೆ, ಹಾಗಾಗಿ ಹೆಸರು ಬೇಡ, ಗುಣ ಹೇಳುತ್ತೇನೆ.

ಫೋನಿನ ಟಾರ್ಚ್ ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ದಪ್ಪ ಗೀರಿಗೆ ಸಾಕು. ಆದರೆ ಅದರ ಬೆಳಕು ಕಣ್ಣಿಗೆ ರಾಚುತ್ತದೆ, ಕಮ್ಮಿ ಮಾಡೋಣ ಅಂದರೆ ಎಲ್ಲ ಫೋನಿನಲ್ಲೂ ಆಗುವುದಿಲ್ಲ. ತೆಳು ಮಬ್ಬು ಆ ಹೊಳಪಿನಲ್ಲೇ ಮುಚ್ಚಿಹೋಗುತ್ತದೆ. ಟ್ಯೂಬ್‌ಲೈಟ್ ಕೆಳಗಂತೂ ಯಾವ ಕಾರಾದರೂ ಚೆನ್ನಾಗೇ ಕಾಣುತ್ತದೆ. ಅಗಲವಾದ ಬೆಳಕು ಗೀರನ್ನು ಅಡಗಿಸುತ್ತದೆ. ಸಣ್ಣ ಬಿಂದುವಿನಿಂದ ಬರುವ ಬೆಳಕು, ಅಂದರೆ ಬಿಸಿಲು ಅಥವಾ ಇಂಥ ಲೈಟ್, ಅದನ್ನು ಹೊರಗೆಳೆಯುತ್ತದೆ.

ಮೊದಲು ಕಾಣುವುದು ಸ್ವರ್ಲ್ ಮಾರ್ಕ್. ಬಾನೆಟ್‌ಗೆ ಲೈಟ್ ಹಿಡಿದರೆ ಅದರ ಪ್ರತಿಬಿಂಬದ ಸುತ್ತ ಉಂಗುರ ಉಂಗುರವಾಗಿ ಕೂದಲೆಳೆಯಂಥ ಗೆರೆಗಳು ಕಾಣುತ್ತವೆ. ತಿಕ್ಕಿ ತಿಕ್ಕಿ ಹಳತಾದ ಸ್ಟೀಲ್ ತಟ್ಟೆಯನ್ನು ಬಲ್ಬ್ ಕೆಳಗೆ ಹಿಡಿದು ನೋಡಿ, ಅದೇ ಉಂಗುರ ಅಲ್ಲೂ ಇರುತ್ತದೆ. ಬಟ್ಟೆಯನ್ನು ಸುತ್ತ ತಿರುಗಿಸಿ ಒರೆಸಿದ್ದಕ್ಕೆ ಹೀಗಾಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ, ಹೆಚ್ಚಿನವು ನೇರವಾಗೇ ಇರುತ್ತವೆ. ಬೆಳಕಿಗೆ ಅಡ್ಡಲಾಗಿ ಇರುವಂಥವು ಮಾತ್ರ ಹೊಳೆದು, ಎಲ್ಲ ಸೇರಿ ನಮ್ಮ ಕಣ್ಣಿಗೆ ಉಂಗುರವಾಗುತ್ತವೆ. ಲೈಟನ್ನು ಒಂದಡಿ ಪಕ್ಕಕ್ಕೆ ಸರಿಸಿದರೆ ಉಂಗುರವೂ ಜೊತೆಗೇ ಸರಿಯುತ್ತದೆ. ಹಾಗೆ ಸರಿದರೆ ಅದು ದಿನನಿತ್ಯ ಒರೆಸಿದ್ದರಿಂದ ಆದ ಗೀರು ಅಂತ ಲೆಕ್ಕ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಿಗ್ಗೆ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಹತ್ತಾರು ಕಾರು ಒರೆಸುತ್ತಾರಲ್ಲ, ಅಲ್ಲಿಂದ ಬಂದದ್ದೇ ಜಾಸ್ತಿ. ಕಟ್ಟಡದ ಧೂಳು ಕೂತ ಬಾನೆಟ್ ಮೇಲೆ ಅರೆ ಒಣಗಿದ ಬಟ್ಟೆ ಎಳೆದರೆ ಇನ್ನೇನಾಗುತ್ತದೆ? ಒರೆಸುವವರ ಮೇಲೆ ಸಿಟ್ಟಾಗಬೇಡಿ. ಅಷ್ಟು ಕಾರಿಗೆ ಅಷ್ಟೇ ನೀರು ಕೊಟ್ಟರೆ ಅವರಾದರೂ ಏನು ಮಾಡುತ್ತಾರೆ.

ಒಂಟಿ ಗೀರು ಬೇರೆ. ಲೈಟ್ ಸರಿಸಿದರೂ ಅದು ಇದ್ದಲ್ಲೇ ಇರುತ್ತದೆ, ಒಂದು ಕೋನದಲ್ಲಿ ಮಿಂಚಿ ಇನ್ನೊಂದರಲ್ಲಿ ಮಂಕಾಗುತ್ತದೆ. ಡೋರ್ ಹ್ಯಾಂಡಲ್ ಹಿಂದಿನ ಗುಳಿಗೆ ಲೈಟ್ ಹಿಡಿಯಿರಿ, ಉಗುರು, ಉಂಗುರ, ಬಳೆ ತಾಗಿದ ಗುರುತು ಸಾಲಾಗಿ ಕಾಣುತ್ತವೆ. ಡಿಕ್ಕಿಯ ಅಂಚಿನಲ್ಲಿ ಸೂಟ್‌ಕೇಸ್ ಎಳೆದದ್ದು ಇರುತ್ತದೆ. ಇಂಥ ಕಡೆ ಎರಡು ಪರೀಕ್ಷೆ ಮಾಡಿ. ಮೇಲೆ ಸ್ವಲ್ಪ ನೀರು ಹಾಕಿ. ನೀರಿದ್ದಷ್ಟು ಹೊತ್ತು ಗೀರು ಮಾಯವಾದರೆ ಅದು ಬಣ್ಣದ ಮೇಲಿರುವ ಪಾರದರ್ಶಕ ಪದರದಲ್ಲಿ, ಅಂದರೆ ಕ್ಲಿಯರ್ ಕೋಟ್‌ನಲ್ಲೇ ಇದೆ. ನೀರಲ್ಲೂ ಬಿಳಿಯಾಗೋ ಬೂದಾಗೋ ಕಂಡರೆ ಕೆಳಗಿನ ಬಣ್ಣ ಅಥವಾ ಅದಕ್ಕೂ ಕೆಳಗಿನ ಪ್ರೈಮರ್‌ವರೆಗೆ ಹೋಗಿರಬಹುದು. ಆಮೇಲೆ ಒರೆಸಿ, ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಪಾಲಿಶ್‌ನಿಂದ ಪೂರ್ತಿ ಹೋಗುವ ಆಸೆ ಬಿಡಿ, ಅಂಚು ಮೆತ್ತಗಾಗಿ ಕಣ್ಣಿಗೆ ಕಮ್ಮಿ ಹೊಡೆದರೆ ಅಷ್ಟೇ ಲಾಭ.

ಈ ಲೈಟ್ ನನಗೆ ನಿಜವಾಗಿ ಉಪಕಾರ ಮಾಡಿದ್ದು ಹೊಲೊಗ್ರಾಮ್, ಅಂದರೆ ಪಾಲಿಶಿಂಗ್ ಮಷೀನ್ ಬಿಟ್ಟುಹೋಗುವ ಪಟ್ಟೆಗಳ ವಿಷಯದಲ್ಲಿ. ಒಮ್ಮೆ ಸರ್ವಿಸ್‌ಗೆ ಬಿಟ್ಟಾಗ ರಬ್ಬಿಂಗ್, ಪಾಲಿಶ್ ಎರಡೂ ಮಾಡಿಕೊಟ್ಟಿದ್ದರು. ನೆರಳಿನಲ್ಲಿ ಕನ್ನಡಿಯಂತಿತ್ತು. ಲೈಟನ್ನು ನೇರವಾಗಿ ಹಿಡಿದರೆ ಏನೂ ಇಲ್ಲ, ಓರೆಯಾಗಿ ಹಿಡಿದರೆ ಬಾನೆಟ್ ತುಂಬ ಅಂಗೈ ಅಗಲದ ಪಟ್ಟೆಗಳು. ತಲೆ ಅಲ್ಲಾಡಿಸಿದರೆ ಪಟ್ಟೆಯೂ ಅಲ್ಲಾಡುತ್ತದೆ, ಪೇಂಟಿನೊಳಗೆ ತೇಲಿದ ಹಾಗೆ. ಉಣ್ಣೆಯ ಪ್ಯಾಡ್ ಹಾಕಿದ ರೋಟರಿ ಮಷೀನ್ (ಪ್ಯಾಡ್ ಒಂದೇ ಸುತ್ತಿನಲ್ಲಿ ತಿರುಗುವಂಥದ್ದು) ಓಡಾಡಿದ ದಾರಿ ಅದು. ಮಷೀನ್ ಹೋದ ದಿಕ್ಕಿಗೇ ಗೀರುಗಳೆಲ್ಲ ಸಾಲು ಕಟ್ಟಿರುವುದರಿಂದ ಹೀಗೆ ಕಾಣುತ್ತದೆ. ಸ್ವರ್ಲ್ ಅಂದುಕೊಂಡು ಮತ್ತೆ ಅದೇ ರೋಟರಿ, ಅದೇ ಕಾಂಪೌಂಡ್ ಹಾಕಿಸಿದರೆ ಮತ್ತೆ ಅದೇ ಪಟ್ಟೆ. ಡ್ಯುಯಲ್ ಆಕ್ಷನ್ ಮಷೀನ್ (ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುವಂಥದ್ದು), ಫೋಮ್ ಪ್ಯಾಡ್, ನಯವಾದ ಪಾಲಿಶ್‌ನಿಂದ ಹೋಗುತ್ತದೆ. ನನ್ನದು ಹಾಗೇ ಹೋಯಿತು.

ಡ್ಯುಯಲ್ ಆಕ್ಷನ್ ಮಷೀನ್ ಕೂಡ ಗುರುತು ಬಿಡುತ್ತದೆ, ಅದು ಗೆರೆಯಲ್ಲ, ಮಬ್ಬು. ಇದನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ಪೇಂಟಿನಲ್ಲಿ ಲೈಟಿನ ಪ್ರತಿಬಿಂಬವನ್ನೇ ದಿಟ್ಟಿಸಿ. ಅಂಚು ಚೂಪಾಗಿದ್ದು ಸುತ್ತ ಅಚ್ಚ ಕಪ್ಪು ಇದ್ದರೆ ಸರಿ. ಸುತ್ತ ಹಾಲಿನಂತೆ ತೆಳು ಬಿಳುಪು ಇದ್ದರೆ ಗಟ್ಟಿ ಪ್ಯಾಡ್ ಬಿಟ್ಟ ಸೂಕ್ಷ್ಮ ಗೀರುಗಳು ಅವು. ಇಲ್ಲಿ ಬೆಳಕು ಕಮ್ಮಿ ಮಾಡಿ ನೋಡಬೇಕು, ಜಾಸ್ತಿ ಮಾಡಿದರೆ ಕಾಣುವುದಿಲ್ಲ.

ಇನ್ನು ಬೋರ್‌ವೆಲ್ ನೀರಿನ ಕಲೆ. ಗೀರೇ ಅಲ್ಲದಿದ್ದರೂ ದೂರದಿಂದ ಹಾಗೆ ಅನ್ನಿಸುತ್ತದೆ. ಹತ್ತಿರದಲ್ಲಿ ಹನಿಯ ಅಂಚಿನ ಸುತ್ತು ಸ್ಪಷ್ಟ. ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ ತೊಳೆದರೆ ಹೋಗುವಂಥದ್ದು ಬರೀ ಸುಣ್ಣದ ಪದರ. ಆಮೇಲೂ ಉಳಿದರೆ ಪೇಂಟನ್ನೇ ತಿಂದಿದೆ.

ಇಷ್ಟು ಸೂಕ್ಷ್ಮ ಯಾಕೆ ಅಂದರೆ, ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ ಅಷ್ಟೇ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಕಾಂಪೌಂಡ್ ಹಾಕಿದಾಗಲೆಲ್ಲ ಅದರಲ್ಲೇ ಸ್ವಲ್ಪ ಸವೆಯುತ್ತದೆ, ವಾಪಸ್ ಬರುವುದಿಲ್ಲ. ಬಿಸಿಲಿನಿಂದ ಬಣ್ಣ ಕಾಯುವುದೂ ಅದೇ ಪದರ. ಎಷ್ಟು ಉಳಿದಿದೆ ಅಂತ ಈ ಲೈಟ್ ಹೇಳುವುದಿಲ್ಲ. ಪೇಂಟ್ ದಪ್ಪ ಅಳೆಯುವ ಗೇಜ್ ಇದೆ, ಆದರೆ ಸಾಮಾನ್ಯ ಗೇಜ್ ಎಲ್ಲ ಪದರದ ಒಟ್ಟು ದಪ್ಪ ತೋರಿಸುತ್ತದೆ, ಪ್ಲಾಸ್ಟಿಕ್ ಬಂಪರ್ ಮೇಲೆ ಕೆಲಸ ಮಾಡುವುದಿಲ್ಲ.

ಲೈಟಿನ ಕೊರತೆಗಳೂ ಇವೆ. ಪೂರ್ತಿ ಪ್ರಖರತೆಯಲ್ಲಿ ಬೇಗ ಬಿಸಿಯಾಗಿ ತಾನೇ ಮಂಕಾಗುತ್ತದೆ. ಬ್ಯಾಟರಿ ಈಗ ಮೊದಲಿನಷ್ಟು ಹೊತ್ತು ಬರುವುದಿಲ್ಲ. ಚಾರ್ಜಿಂಗ್ ಪೋರ್ಟ್ ಸಡಿಲವಾಗಿದೆ, ಕೇಬಲ್ಲನ್ನು ಒಂದು ಕಡೆಗೆ ಒತ್ತಿ ಇಡಬೇಕು. ಟೈಪ್ ಸಿ ಇರುವುದನ್ನೇ ಕೊಳ್ಳಿ. ನನಗೆ ಎಲ್ಲಕ್ಕಿಂತ ಬೇಸರ ತಂದಿದ್ದು ಬುಡದ ಮ್ಯಾಗ್ನೆಟ್. ಅದಕ್ಕೆ ಕಬ್ಬಿಣದ ಪುಡಿ ಮೆತ್ತಿಕೊಳ್ಳುತ್ತದೆ. ಹಾಗೇ ಬಾನೆಟ್‌ಗೆ ಅಂಟಿಸಿದರೆ ಗೀರು ನೋಡುವ ಲೈಟೇ ಗೀರು ಹಾಕುತ್ತದೆ. ಕಾರಿಗೆ ಅಂಟಿಸಲೇಬೇಡಿ, ಕೈಯಲ್ಲೇ ಹಿಡಿಯಿರಿ.

ಬಿಳಿ, ಸಿಲ್ವರ್ ಕಾರಿನವರಿಗೆ ಇದರ ಉಪಯೋಗ ಅರ್ಧಕ್ಕರ್ಧ ಕಮ್ಮಿ. ಅಕ್ಕನ ಬಿಳಿ ಕಾರಿನ ಮೇಲೆ ಬಿಳಿ ಬೆಳಕು ಬರೀ ರಾಚುತ್ತಿತ್ತು, ಹಳದಿ ಛಾಯೆಯಲ್ಲಿ ಕಮ್ಮಿ ಪ್ರಖರತೆ ಇಟ್ಟಾಗ ಅಷ್ಟಿಷ್ಟು ಕಂಡಿತು. ಅವಳ ಹಾಗೆ ಹೊರಗಡೆ ವಾಟರ್ ವಾಶ್ ಮಾಡಿಸಿ ಖುಷಿಯಾಗಿರುವವರಿಗೆ ಇದು ಬೇಡ.

ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಹಚ್ಚುವ ಗಟ್ಟಿ ರಕ್ಷಣಾ ಪದರ) ಮಾಡಿಸಲು ಹೊರಟವರಿಗೆ ಮಾತ್ರ ಖಂಡಿತ ಬೇಕು. ಕೋಟಿಂಗ್ ಬಿದ್ದ ಮೇಲೆ ಕೆಳಗಿನ ಗೀರು ಅಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಪಾಲಿಶ್ ಮುಗಿದು ಕೋಟಿಂಗ್ ಹಾಕುವ ಮೊದಲು ಒಮ್ಮೆ ಹೋಗಿ. ಪಾಲಿಶ್‌ನಲ್ಲಿರುವ ಎಣ್ಣೆ ಗೀರನ್ನು ತುಂಬಿ ಮುಚ್ಚಿರುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒಂದು ಡೋರ್ ಒರೆಸಿಸಿ, ಅಂಗಡಿಯ ಲೈಟ್ ಆರಿಸಲು ಹೇಳಿ, ಮೊದಲು ನೇರವಾಗಿ, ಆಮೇಲೆ ಓರೆಯಾಗಿ ನೋಡಿ. ಒಳ್ಳೆ ಕೆಲಸಗಾರರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ತಮ್ಮ ಲೈಟನ್ನೂ ತಂದು ಜೊತೆಗೆ ನಿಲ್ಲುತ್ತಾರೆ.