ಕೆ ನಂಬರ್ ಇರುವ ಡೈನಮೊ ಲೈಟ್: 3 ಮಳೆಗಾಲ, 11 ಬಿಆರ್‌ಎಂ ಆದ ಮೇಲೆ

ಈ ಲೈಟು ನನ್ನ ಸೈಕಲ್ ಮೇಲೆ ಉಡುಪಿಯ 3 ಮಳೆಗಾಲ ಕಂಡಿದೆ, 11 ಬಿಆರ್‌ಎಂ (ಟೈಮಿನ ಒಳಗೆ ಮುಗಿಸುವ ದೂರದ ಸೈಕಲ್ ರೈಡ್) ಮುಗಿಸಿದೆ, ಮೀಟರಲ್ಲಿ 14,000 ಕಿಲೋಮೀಟರ್ ದಾಟಿದೆ, ಅದ್ರಲ್ಲಿ ಕಾಲು ಭಾಗ ಆದ್ರೂ ಕತ್ತಲೆಯಲ್ಲಿ ಹೊಡೆದದ್ದು. "ಇಷ್ಟು ದುಡ್ಡು ಕೊಟ್ಟು ಡೈನಮೊ ಎಂತಕ್ಕೆ ಮಾರಾಯ್ರೆ, ಚಾರ್ಜ್ ಮಾಡುವ ಟಾರ್ಚ್ ಸಾಕಲ್ವಾ" ಅಂತ ಹೊಸಬರು ಪ್ರತಿ ರೈಡಲ್ಲೂ ಕೇಳ್ತಾರೆ, ಅವ್ರಿಗೆಲ್ಲ ಒಂದೇ ಸಲ ಇಲ್ಲಿ ಬರೆದುಬಿಡ್ತೇನೆ. ಸ್ವಲ್ಪ ಉದ್ದ ಆಗ್ತದೆ.

ನನ್ನತ್ರ ಇರುದು ಎಂತ ಅಂದ್ರೆ, ಮುಂದಿನ ಚಕ್ರದ ನಡುವಿನ ಹಬ್ಬಿನ ಒಳಗೇ 6 ವೋಲ್ಟ್ 3 ವ್ಯಾಟ್‌ನ ಡೈನಮೊ, ಫೋರ್ಕಿನ ತಲೆಯಲ್ಲಿ ಒಂದು ಜರ್ಮನ್ ಹೆಡ್‌ಲೈಟು, ಹಿಂದೆ ಮಡ್‌ಗಾರ್ಡ್ ಮೇಲೆ ಟೈಲ್ ಲೈಟು, ಎರಡಕ್ಕೂ ಒಂದು ವಯರು. ಬ್ಯಾಟರಿ ಇಲ್ಲ. ಕಂಪನಿ ಹೆಸರು ಬರಿಯುದಿಲ್ಲ, ಯಾಕಂದ್ರೆ ನಾನು ಹೇಳ್ಲಿಕ್ಕೆ ಹೊರಟದ್ದು ಆ ಲೈಟಿನ ಬೆನ್ನಿಗೆ ಅಚ್ಚು ಹಾಕಿದ ಒಂದು ಸಣ್ಣ ಅಲೆಯ ಗುರ್ತು, ಕೆ ಅಕ್ಷರ, ಮತ್ತೆ ಒಂದು ನಂಬರಿನ ವಿಷಯ. ಆ ಗುರ್ತು ಇರುವ ಯಾವ ಕಂಪನಿ ಲೈಟು ತಗೊಂಡ್ರೂ ಇಲ್ಲಿ ಬರೆದ ಮುಕ್ಕಾಲು ಪಾಲು ಅದಕ್ಕೂ ಸರಿ ಹೊಂದ್ತದೆ.

ಬಿಆರ್‌ಎಂ ಗೊತ್ತಿಲ್ಲದವ್ರಿಗೆ ಎರಡು ಮಾತು. ರೇಸ್ ಅಲ್ಲ ಅದು, ಫಸ್ಟು ಸೆಕೆಂಡು ಅಂತ ಇಲ್ಲ, ಕೊಟ್ಟ ಟೈಮಿನ ಒಳಗೆ ಕೊಟ್ಟ ದೂರ ಮುಗಿಸ್ಬೇಕು ಅಷ್ಟೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. 1904ರಲ್ಲಿ ಶುರುವಾದ ಔಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಇಡೀ ಪ್ರಪಂಚದ ಲೆಕ್ಕ ಇಡುದು, ನಮ್ಮ ದೇಶದಲ್ಲಿ ಔಡಾಕ್ಸ್ ಇಂಡಿಯಾ. 300 ದಾಟಿದ್ರೆ ರಾತ್ರಿ ತಪ್ಪುದಿಲ್ಲ. ಹಾಗಾಗಿ ಈ ಆಟದಲ್ಲಿ ಕಾಲಿನ ಬಲದಷ್ಟೇ ಮುಖ್ಯ ಲೈಟು, ಮತ್ತೆ ಲೈಟಿನ ಬಗ್ಗೆ ಯಾರು ಎಂತ ನಿಯಮ ಮಾಡಿದ್ದಾರೆ ಅನ್ನುದು.

ಈಗ ನಾನು ಯಾಕೆ ಬದಲಾದೆ ಅಂತ. ಮೊದಲು ನನ್ನತ್ರ ಇದ್ದದ್ದು ಡಬ್ಬದ ಮೇಲೆ ದೊಡ್ಡದಾಗಿ 1200 ಲ್ಯೂಮೆನ್ ಅಂತ ಬರೆದಿದ್ದ ಟಾರ್ಚು, ಹ್ಯಾಂಡಲಿಗೆ ಕ್ಲಾಂಪ್ ಹಾಕಿ ಕಟ್ಟಿಕೊಳ್ಳುದು. ಬೆಳಕು ಜೋರು, ನನಗೆ ಭಾರೀ ಖುಷಿ. ಒಂದು ದಿನ ಬೆಳಿಗ್ಗೆ ಐದು ಗಂಟೆ ಹೊತ್ತಿಗೆ ಬ್ರಹ್ಮಾವರದ ಒಳರಸ್ತೆಯಲ್ಲಿ ಪ್ರಾಕ್ಟೀಸ್ ಮಾಡ್ತಾ ಇದ್ದೆ, ಎದುರಿಂದ ಒಬ್ರು ಅಜ್ಜ ಹಳೇ ಸೈಕಲಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗ್ತಾ ಇದ್ರು, ನನ್ನ ಲೈಟು ಸೀದಾ ಅವ್ರ ಕಣ್ಣಿಗೆ ಹೊಡೆದು ಅವ್ರಿಗೆ ರಸ್ತೆಯ ಅಂಚು ಕಾಣ್ಲಿಲ್ಲ, ಡಾಂಬರಿಂದ ಕೆಳಗೆ ಇಳಿದು ಸೈಕಲ್ ಸಮೇತ ಚರಂಡಿ ಬದಿಗೆ ಬಿದ್ರು. ಮೊಣಕೈ ತರಚಿತು, ಹಾಲು ಎಲ್ಲ ಚೆಲ್ಲಿ ಹೋಯ್ತು. ನಾನು ಎತ್ತಿ ಕೂರಿಸಿದೆ. ಅವ್ರು ಬೈಲಿಲ್ಲ, "ಎಂತ ಮಗ ಇದು, ಲಾರಿ ಬಂತು ಅಂತ ಗ್ರಹಿಸಿದೆ" ಅಂತ ಅಷ್ಟೇ ಹೇಳಿದ್ದು. ಹಾಲಿನ ದುಡ್ಡು ಕೊಟ್ಟೆ, ತಗೊಳ್ಳಿಕ್ಕೆ ಒಪ್ಪಲಿಲ್ಲ, ಕಿಸೆಗೆ ಹಾಕಿ ಬಂದೆ. ಆ ದಿನ ಪೂರ್ತಿ ಊಟ ಸೇರ್ಲಿಲ್ಲ ನನಗೆ. ಲಾರಿಯವ್ರು ಡಿಮ್ ಮಾಡುದಿಲ್ಲ ಅಂತ ನಾವೇ ದಿನಾ ಬೈತೇವೆ, ನಾನು ಮಾಡಿದ್ದೂ ಅದನ್ನೇ ಅಲ್ವಾ.

ಅದರ ನಂತ್ರ ಓದ್ಲಿಕ್ಕೆ ಕೂತದ್ದು. ಜರ್ಮನಿಯಲ್ಲಿ ವಾಹನಗಳಿಗೆ ಇರುವ ಎಸ್‌ಟಿವಿಝಡ್‌ಓ ಅನ್ನುವ ನಿಯಮಾವಳಿಯಲ್ಲಿ 67ನೇ ಕಲಮು ಸೈಕಲ್ ಲೈಟಿನದ್ದು. ಶಾಲೆಗೆ ಹೋಗುವ ಮಕ್ಕಳ ಸೈಕಲಿಗೂ ಕೆಲಸಕ್ಕೆ ಹೋಗುವವ್ರ ಸೈಕಲಿಗೂ ಅದೇ. ಅಲ್ಲಿ ಬೆಳಕು ಎಷ್ಟು ಜೋರು ಅಂತ ಮಾತ್ರ ನೋಡುದಿಲ್ಲ, ಎಲ್ಲಿ ಬೀಳ್ತದೆ ಅಂತ ಅಳೀತಾರೆ. 10 ಮೀಟರ್ ದೂರದಲ್ಲಿ ನಡುವಿಗೆ ಕಡಿಮೆ ಅಂದ್ರೂ 10 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೇಕು, ಅದೇ ದೂರದಲ್ಲಿ ಕಣ್ಣಿಗೆ ಬೀಳುವ ಮೇಲಿನ ಜಾಗದಲ್ಲಿ 2 ಲಕ್ಸ್ ದಾಟ್ಲಿಕ್ಕಿಲ್ಲ. ಕಾರಿನ ಲೋ ಬೀಮ್ ಹಾಗೆ ಮೇಲೆ ಗೆರೆ ಎಳೆದ ಹಾಗೆ ಕತ್ತರಿಸಿರ್ತದೆ. ಮಿಣುಕು ಲೈಟು ಹಾಕುವ ಹಾಗೆ ಇಲ್ಲ. ಇದೆಲ್ಲ ಟೆಸ್ಟ್ ಆಗಿ ಪಾಸಾದ್ರೆ ಫ್ಲೆನ್ಸ್‌ಬರ್ಗಿನಲ್ಲಿ ಇರುವ ಅವ್ರ ಮೋಟಾರು ಇಲಾಖೆ ಕೊಡುದು ಆ ಕೆ ನಂಬರು. ನಮ್ಮ ಟಾರ್ಚ್ ಡಬ್ಬದ ಲ್ಯೂಮೆನ್ ಲೆಕ್ಕ ಅಂದ್ರೆ ಬಲ್ಬಿಂದ ಹೊರಗೆ ಬಂದ ಒಟ್ಟು ಬೆಳಕು, ಅದ್ರಲ್ಲಿ ಅರ್ಧ ತೆಂಗಿನಮರದ ತುದಿಗೆ ಹೋದ್ರೂ ಲೆಕ್ಕಕ್ಕೆ ಸೇರ್ತದೆ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. 2013ರವರೆಗೆ ಜರ್ಮನಿಯಲ್ಲಿ ಸಾಮಾನ್ಯ ಸೈಕಲಿಗೆ ಡೈನಮೊನೇ ಬೇಕು ಅಂತ ಕಾನೂನು ಇತ್ತು, 11 ಕೆಜಿಗಿಂತ ಹಗುರದ ರೇಸ್ ಸೈಕಲಿಗೆ ಮಾತ್ರ ವಿನಾಯಿತಿ, ಆಮೇಲೆ ಬ್ಯಾಟರಿ ಲೈಟಿಗೂ ಒಪ್ಪಿಗೆ ಕೊಟ್ರು. ಅಷ್ಟು ವರ್ಷ ಅಲ್ಲಿನ ಕಂಪನಿಗಳಿಗೆ ಡೈನಮೊವನ್ನು ಚಂದ ಮಾಡ್ದೆ ಬೇರೆ ದಾರಿ ಇರ್ಲಿಲ್ಲ. ಅಪ್ಪನ ಕಾಲದ, ಟಯರಿಗೆ ಉಜ್ಜಿ ಕಿರ್ರ್ ಅನ್ನುವ, ಮಳೆ ಬಂದ್ರೆ ಜಾರುವ ಬಾಟ್ಲಿ ಡೈನಮೊ ಗೊತ್ತುಂಟಲ್ಲ, ಅಲ್ಲಿಂದ ಹಬ್ಬಿನ ಒಳಗೆ ಸದ್ದಿಲ್ಲದೆ ತಿರುಗುವ ಡೈನಮೊವರೆಗೆ ಬಂದದ್ದರಲ್ಲಿ ಆ ಕಾನೂನಿನ ಪಾಲು ದೊಡ್ಡದು ಅಂತ ನನ್ನ ಲೆಕ್ಕ. ರಾತ್ರಿ ಇಡೀ ಸೈಕಲ್ ಹೊಡೆಯುವ ನಮ್ಮಂಥ ಬೆರಳೆಣಿಕೆಯ ಜನರನ್ನು ತಲೆಯಲ್ಲಿ ಇಟ್ಟು ಯಾರೂ ಆ ಕಾನೂನು ಬರೀಲಿಲ್ಲ, ಆದ್ರೂ ಪ್ರಯೋಜನ ಸಿಕ್ಕಿದ್ದು ನಮಗೆ.

ಬಳಕೆಗೆ ಬರುವ. ಉಡುಪಿಯಿಂದ ಕುಂದಾಪುರ, ಮರವಂತೆ, ಬೈಂದೂರು ಅಂತ ಎನ್‌ಎಚ್ 66ರಲ್ಲಿ ಹೋಗುವಾಗ ಇದಕ್ಕಿಂತ ಒಳ್ಳೆ ಲೈಟು ನಾನು ಕಂಡಿಲ್ಲ. ಮುಂದಿನ ಚಕ್ರದಿಂದ ಶುರುವಾಗಿ ದೂರದವರೆಗೆ ಚಾಪೆ ಹಾಸಿದ ಹಾಗೆ ಒಂದೇ ಸಮ ಬೆಳಕು, ಹೊಂಡ, ಜಲ್ಲಿ, ಮೀನಿನ ಲಾರಿಯಿಂದ ಸುರಿದ ಐಸ್ ನೀರಿನ ಜಾರು ಪಟ್ಟಿ, ಎಲ್ಲ ಬೇಗ ಕಾಣ್ತದೆ. ಎದುರಿನ ಬೈಕಿನವ್ರು ಮೊದಲು ನನಗೆ ಹೈ ಬೀಮ್ ಹೊಡೆದು ಸಿಟ್ಟು ತೋರಿಸ್ತಿದ್ರು, ಈಗ 3 ವರ್ಷದಲ್ಲಿ ಒಬ್ರೂ ಹೊಡೀಲಿಲ್ಲ. ಜೋರು ಮಳೆಯಲ್ಲೂ ಟಾರ್ಚಿಗಿಂತ ಇದೇ ಮೇಲು, ಹ್ಯಾಂಡಲ್ ಮೇಲೆ ಕಣ್ಣಿನ ಹತ್ರ ಟಾರ್ಚ್ ಇದ್ರೆ ಮಳೆ ಹನಿ ಎಲ್ಲ ಬೆಳ್ಳಗೆ ಹೊಳೆದು ಪರದೆ ಕಟ್ಟಿದ ಹಾಗೆ ಆಗ್ತದೆ, ಕೆಳಗೆ ಫೋರ್ಕ್ ಹತ್ರ ಇದ್ರೆ ಅಷ್ಟು ಆಗುದಿಲ್ಲ.

ಘಾಟಿಯಲ್ಲಿ ಮಾತ್ರ ಕಷ್ಟ ಉಂಟು, ಅದನ್ನು ಮುಚ್ಚಿಡುದಿಲ್ಲ. ಸೋಮೇಶ್ವರ ದಾಟಿ ಆಗುಂಬೆ ಹತ್ತುವಾಗ ಸ್ಪೀಡು ಆರೇಳು ಕಿಲೋಮೀಟರಿಗೆ ಇಳೀತದೆ, ಡೈನಮೊಗೆ ಅಷ್ಟು ಸಾಕಾಗುದಿಲ್ಲ, ಬೆಳಕು ನಡುಗ್ತದೆ. ನಿಂತ್ರೆ ಒಳಗಿನ ಕೆಪ್ಯಾಸಿಟರಿಂದ ಕೆಲವು ನಿಮಿಷ ಸಣ್ಣಗೆ ಉರೀತದೆ, ಪಂಕ್ಚರ್ ಹಾಕ್ಲಿಕ್ಕೆ ಅದು ಯಾವ ಮೂಲೆಗೂ ಸಾಲುದಿಲ್ಲ. ಇಳಿಯುವಾಗ ಹೇರ್‌ಪಿನ್ನಿನಲ್ಲಿ ಚಕ್ರ ನೋಡುವ ಕಡೆಗೆ ಬೆಳಕು, ತಿರುವಿನ ಒಳಗೆ ಕತ್ತಲೆ. ಮತ್ತೆ ಆ ಕತ್ತರಿಸಿದ ಗೆರೆಯ ಮೇಲೆ ಎಂತ ಉಂಟು ಅಂತಲೇ ಗೊತ್ತಾಗುದಿಲ್ಲ, ಬಗ್ಗಿದ ಕೊಂಬೆ, ನೇತಾಡುವ ವಯರು ಏನೂ ಕಾಣುದಿಲ್ಲ. ಒಂದು ಸಲ ರಸ್ತೆ ನಡುವೆ ನಾಲ್ಕು ಬಿಳಿ ಸಾಕ್ಸು ಹಾಕಿದ ಕಾಲು ಮಾತ್ರ ಕಂಡಿತು, ಎರಡು ಸೆಕೆಂಡ್ ನನಗೆ ಅರ್ಥ ಆಗ್ಲಿಲ್ಲ, ಮತ್ತೆ ನೋಡಿದ್ರೆ ಕಾಟಿ (ಕಾಡುಕೋಣ), ಮೇಲಿನ ಇಡೀ ಮೈ ಕತ್ತಲೆಯಲ್ಲಿ. ಬ್ರೇಕ್ ಒತ್ತಿ ನಿಂತೆ, ಅದರಷ್ಟಕ್ಕೆ ಅದು ಕಾಡಿಗೆ ಇಳಿಯಿತು. ಜರ್ಮನಿಯ ಪೇಟೆ ರಸ್ತೆಗೆ ಬರೆದ ನಿಯಮದಲ್ಲಿ ಕಾಟಿ ಇಲ್ಲ, ಅದು ಅವ್ರ ತಪ್ಪಲ್ಲ. ಈಗ ಘಾಟಿ ಇದ್ದ ರೈಡಿಗೆ ಹೆಲ್ಮೆಟ್ ಮೇಲೆ ಒಂದು ಸಣ್ಣ ಹೆಡ್‌ಲ್ಯಾಂಪ್ ಇಟ್ಕೊಳ್ತೇನೆ, ಎದುರು ಜನ ಬಂದ್ರೆ ಆಫ್ ಮಾಡ್ತೇನೆ.

ಮಿಣುಕು ಲೈಟಿನ ವಿಷಯದಲ್ಲಿ ನಮ್ಮ ಗುಂಪಲ್ಲೇ ಜಗಳ ಉಂಟು. ಹೈವೇಯಲ್ಲಿ ಮಿಣುಕಿದ್ರೆ ಬೇಗ ಕಣ್ಣಿಗೆ ಬೀಳ್ತದೆ ಅಂತ ಕೆಲವರು ಹೇಳ್ತಾರೆ, ಬೀಳ್ತದೆ ನಿಜ, ಆದ್ರೆ ರಾತ್ರಿ ಹಿಂದಿನವನಿಗೆ ನಾವು ಎಷ್ಟು ದೂರ ಇದ್ದೇವೆ ಅಂತ ಅಂದಾಜು ಸಿಕ್ಕುದು ಒಂದೇ ಸಮ ಉರಿಯುವ ಲೈಟಲ್ಲಿ. 4 ವರ್ಷಕ್ಕೊಮ್ಮೆ ಫ್ರಾನ್ಸಲ್ಲಿ ಆಗುವ ದೂರದ ರೈಡ್ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ನಲ್ಲೂ ಮಿಣುಕು ಲೈಟಿಗೆ ಅವಕಾಶ ಇಲ್ಲ. 1200 ಕಿಲೋಮೀಟರ್, 90 ಗಂಟೆ, ಕಳೆದ ಸಲ 2023ರಲ್ಲಿ ಆದದ್ದು, 2027ಕ್ಕೆ ಹೋಗ್ಬೇಕು ಅಂತ ನನ್ನ ಆಸೆ. ಹಾಗಾಗಿ ಈಗಿಂದಲೇ ಅಭ್ಯಾಸ. ಹಗಲಲ್ಲಿ ಜಡಿಮಳೆ ಇದ್ರೆ ಮಾತ್ರ ಹಿಂದೆ ಒಂದು ಬ್ಯಾಟರಿ ಮಿಣುಕು ಹಾಕ್ತೇನೆ.

ಲೈಟಿನ ಜೊತೆ ವೆಸ್ಟಿನ ಮಾತು ಬಿಟ್ರೆ ಅರ್ಧ ಆಗ್ತದೆ. ನಮ್ಮ ರೈಡಿನ ಸ್ಟಾರ್ಟ್ ಪಾಯಿಂಟಲ್ಲಿ ಹೆಲ್ಮೆಟ್, ಮುಂದೆ ಹಿಂದೆ ಲೈಟು, ರಿಫ್ಲೆಕ್ಟಿವ್ ವೆಸ್ಟು (ಬೆಳಕು ಬಿದ್ರೆ ಹೊಳೆಯುವ ಪಟ್ಟಿಯ ಮೇಲಂಗಿ) ನೋಡಿಯೇ ಬಿಡುದು. ಫ್ರಾನ್ಸಲ್ಲಿ 2008ರಿಂದ ಊರ ಹೊರಗೆ ರಾತ್ರಿ ಸೈಕಲ್ ಹೊಡೆಯುವವ್ರಿಗೆ ವೆಸ್ಟು ಕಡ್ಡಾಯ. ಯುರೋಪಿನ ಇಎನ್ ಐಎಸ್‌ಓ 20471 ಸ್ಟ್ಯಾಂಡರ್ಡಿನ 2ನೇ ಕ್ಲಾಸಿನ ವೆಸ್ಟಲ್ಲಿ ಹೊಳೆಯುವ ಪಟ್ಟಿಯೇ 0.13 ಚದರ ಮೀಟರ್ ಇರ್ಬೇಕು, ಬಣ್ಣದ ಬಟ್ಟೆ ಅರ್ಧ ಚದರ ಮೀಟರ್. ನಾನು ಮೊದಲು ಆನ್‌ಲೈನಲ್ಲಿ ತರಿಸಿದ್ದಕ್ಕೆ ಲೇಬಲಲ್ಲಿ ಆ ನಂಬರ್ ಚಂದ ಅಚ್ಚು ಹಾಕಿತ್ತು, ಕ್ಲಾಸ್ ಎಷ್ಟು ಅಂತ ಇಲ್ಲ, ಎಷ್ಟು ಸಲ ಒಗೀಬಹುದು ಅಂತ ಇಲ್ಲ. ನಾಲ್ಕು ಸಲ ಒಗೆದದ್ದೇ ಪಟ್ಟಿ ಬೂದಿ ಬಣ್ಣದ ರಿಬ್ಬನ್ ಆಯ್ತು. ಒಂದು 400ರಲ್ಲಿ ಹಿಂದೆ ಬರ್ತಾ ಇದ್ದ ಸ್ನೇಹಿತ "ನೀನು ವೆಸ್ಟ್ ಹಾಕ್ಲೇ ಇಲ್ವಾ" ಅಂತ ಕೇಳಿದ ಮೇಲೆ ಗೊತ್ತಾದ್ದು, ಅಷ್ಟರವರೆಗೆ ನಾನು ಕಾಣ್ತಾ ಇದ್ದೇನೆ ಅಂತ ನಂಬಿ ಲಾರಿಗಳ ಮಧ್ಯೆ ಹೋಗ್ತಾ ಇದ್ದೆ, ಈಗ ನೆನೆಸಿದ್ರೂ ಮೈ ಜುಂ ಅನ್ನುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡ್ಬಹುದು, ಕತ್ತಲೆ ಜಗಲಿಯಲ್ಲಿ ವೆಸ್ಟು ನೇತು ಹಾಕಿ 10 ಹೆಜ್ಜೆ ಹಿಂದೆ ಬಂದು ಮೊಬೈಲಲ್ಲಿ ಫ್ಲ್ಯಾಶ್ ಹಾಕಿ ಫೋಟೋ ತೆಗೀರಿ, ಪಟ್ಟಿ ಬೆಂಕಿ ಹತ್ತಿದ ಹಾಗೆ ಹೊಳೀಬೇಕು, ಇಲ್ಲಾಂದ್ರೆ ಅದನ್ನು ಹಾಕಿ ರಸ್ತೆಗೆ ಇಳೀಬೇಡಿ.

ನಮ್ಮ ದೇಶದಲ್ಲೂ ಎಂತ ಇಲ್ಲ ಅಂತ ಅಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಸೈಕಲ್ ರಿಫ್ಲೆಕ್ಟರುಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ತಂದಿದೆ. ಒಳ್ಳೆ ಕೆಲಸ. ಬೇಜಾರ್ ಎಂತ ಅಂದ್ರೆ, ನಮ್ಮ ಆಟಕ್ಕೆ ಬರುವ ಹುಡುಗರು ಹೊಸ ಸೈಕಲ್ ತಂದ ದಿನವೇ ಕಡ್ಡಿಯ ರಿಫ್ಲೆಕ್ಟರ್, ಪೆಡಲಿನ ಹಳದಿ ರಿಫ್ಲೆಕ್ಟರ್ ಎಲ್ಲ ಕಿತ್ತು ಬಿಸಾಡುದು, ರೇಸ್ ಸೈಕಲಿಗೆ ಅದು ಚಂದ ಅಲ್ಲ ಅಂತ, ಭಾರ ಅಂತ. ನಾನೂ ಕಿತ್ತವನೇ. ಪೆಡಲಿನ ರಿಫ್ಲೆಕ್ಟರ್ ಮೇಲೆ ಕೆಳಗೆ ಆಡುವಾಗ ಹಿಂದಿನ ಡ್ರೈವರಿಗೆ "ಇದು ಸೈಕಲ್, ಕಾಲು ತುಳೀತಾ ಉಂಟು" ಅಂತ ಒಂದೇ ನೋಟಕ್ಕೆ ತಿಳೀತದೆ, ಬೇರೆ ಯಾವ ಲೈಟೂ ಅದನ್ನು ಹೇಳುದಿಲ್ಲ. ಶೂ ಕಚ್ಚುವ ಪೆಡಲಿಗೆ ರಿಫ್ಲೆಕ್ಟರ್ ಕೂರುದಿಲ್ಲ ಅಂತಾದ್ರೆ ಕಣಕಾಲಿಗೆ ಹೊಳೆಯುವ ಪಟ್ಟಿ ಕಟ್ಟಿ. ಟಯರಿನ ಬದಿಗೇ ಹೊಳೆಯುವ ಗೆರೆ ಇರುವುದೂ ಸಿಗ್ತದೆ, ಜರ್ಮನ್ ನಿಯಮ ಕಡ್ಡಿ ರಿಫ್ಲೆಕ್ಟರಿಗೆ ಬದಲು ಅದನ್ನು ಒಪ್ತದೆ, ನಾನು ಅದನ್ನೇ ಹಾಕಿದ್ದೇನೆ. ಆ ಅಜ್ಜನ ಸೈಕಲಿನ ಕ್ಯಾರಿಯರಿಗೂ ಕೆಂಪು ಟೇಪ್ ಅಂಟಿಸಿ ಕೊಟ್ಟಿದ್ದೇನೆ, ಈಗಲೂ ಆ ದಾರಿಯಲ್ಲಿ ಸಿಗ್ತಾರೆ.

ಇನ್ನು ರಿಪೇರಿ ಲೆಕ್ಕ. ಹಬ್, ಲೈಟು, ರಿಮ್ಮಿಗೆ ಹೊಸ ಕಡ್ಡಿ ಹಾಕಿಸಿದ್ದು ಎಲ್ಲ ಸೇರಿ ನನಗೆ 19,000 ರೂಪಾಯಿ ಹತ್ರ ಬಿತ್ತು, ಲೈಟನ್ನು ದೊಡ್ಡಮ್ಮನ ಮಗ ಊರಿಗೆ ಬರುವಾಗ ತಂದು ಕೊಟ್ಟದ್ದು. ಎರಡನೇ ಮಳೆಗಾಲದಲ್ಲಿ ಪಡುಬಿದ್ರಿ ಹತ್ರ ರಾತ್ರಿ ಹನ್ನೊಂದಕ್ಕೆ ಲೈಟು ಪೂರ್ತಿ ಹೋಯ್ತು. ಲೈಟು ಹಾಳಾದ್ದಲ್ಲ, ಹಬ್ಬಿನ ಹತ್ರ ವಯರಿನ ಕನೆಕ್ಟರಿಗೆ ಉಪ್ಪುಗಾಳಿ ಹಿಡಿದು ಹಸಿರು ಕಿಲುಬು ಕಟ್ಟಿತ್ತು. ಸೈಕಲ್ ಅಂಗಡಿಯಲ್ಲಿ ಒಬ್ರಿಗೂ ಗೊತ್ತಾಗ್ಲಿಲ್ಲ, ಕೊನೆಗೆ ಆಟೋ ಎಲೆಕ್ಟ್ರಿಶಿಯನ್ ಒಬ್ರು 40 ರೂಪಾಯಿಗೆ ಹೊಸದು ಹಾಕಿ ಕೊಟ್ರು. ಈಗ ಜೂನ್ ಶುರುವಾಗುವ ಮೊದಲು ಕನೆಕ್ಟರ್ ಬಿಚ್ಚಿ ಉಜ್ಜಿ ವ್ಯಾಸಲೀನ್ ಮೆತ್ತಿ ಇಡ್ತೇನೆ. ತುಳಿಯುವಾಗ ಭಾರ ಆಗ್ತದಾ ಅಂತ ಕೇಳ್ತಾರೆ, ಲೈಟ್ ಹಾಕಿದಾಗ ಸ್ವಲ್ಪ ಉಂಟು, 400 ಕಿಲೋಮೀಟರ್ ಮುಗಿಯುವ ಹೊತ್ತಿಗೆ ಅದು ನೆನಪಿಗೂ ಬರುದಿಲ್ಲ, ಬ್ಯಾಟರಿ ಎಷ್ಟು ಪರ್ಸೆಂಟ್ ಉಂಟು ಅಂತ ನೋಡುವ ಚಿಂತೆ ಇಲ್ಲವಲ್ಲ.

ಪೇಟೆಯೊಳಗೆ ಸಂಜೆ ಒಂದು ಗಂಟೆ ಹೊಡೆಯುವವ್ರಿಗೆ ಡೈನಮೊ ಬೇಡ, ಕೆ ನಂಬರ್ ಇರುವ ಬ್ಯಾಟರಿ ಲೈಟು ಸಾಕು. 300ಕ್ಕೆ ಮೇಲೆ ಹೋಗುವವ್ರು ಒಂದು ಸಲ ಖರ್ಚು ಮಾಡಿ. ಟಾರ್ಚೇ ಸಾಕು ಅನ್ನುವವ್ರು ಕಡೇಪಕ್ಷ ಅದನ್ನು ಕೆಳಗೆ ಬಗ್ಗಿಸಿ ಕಟ್ಟಿ, ಎದುರಿಗೆ ನಡ್ಕೊಂಡು ಬರುವವ್ರೂ ಇದ್ದಾರೆ.

ನನ್ನದು ಈ ಸಲದ ಮಳೆ ಮುಗಿದ ಮೇಲೆ ಹಬ್ಬಿನ ಬೇರಿಂಗಿಂದ ಸಣ್ಣ ಗರಗರ ಕೇಳ್ತಾ ಉಂಟು. ಡಿಸೆಂಬರಿನ 300ರ ಮೊದಲು ಬಿಚ್ಚಿಸ್ಬೇಕು, ಒಳಗೆ ಎಂತ ಆಗಿದೆ, ಎಷ್ಟು ಖರ್ಚು ಬಂತು ಅಂತ ನೋಡಿ ಇಲ್ಲೇ ಕೆಳಗೆ ಸೇರಿಸ್ತೇನೆ.