ಫ್ರಂಟ್ ವೀಲ್ ಬೇರಿಂಗ್ ತೆಗೀಲಿಕ್ಕೆ ಸ್ಲೈಡ್ ಹ್ಯಾಮರಾ, ಪುಲ್ಲರ್ ಕಿಟ್ಟಾ, ಪ್ರೆಸ್ಸಾ?

ಸ್ವಿಫ್ಟಿನ ಫ್ರಂಟ್ ಬೇರಿಂಗ್ ನಕಲ್ (ಚಕ್ರವನ್ನು ಹೊತ್ತು ಸ್ಟೀರಿಂಗ್ ಜೊತೆ ತಿರುಗುವ ಲೋಹದ ತುಂಡು) ಒಳಗೆ ಪ್ರೆಸ್ ಮಾಡಿ ಕೂರ್ಸಿದ್ದು, ಹಬ್ (ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ಭಾಗ) ಮತ್ತೆ ಆ ಬೇರಿಂಗಿನೊಳಗೆ ಪ್ರೆಸ್ ಫಿಟ್ಟು, ಅಂದ್ರೆ ಬಿಗಿಯಾಗಿ ಒತ್ತಿ ಕೂರ್ಸಿದ್ದು, ಹಾಗಾಗಿ ಬೋಲ್ಟ್ ಬಿಚ್ಚಿ ಎಳೆದ್ರೆ ಬರುವಂಥದ್ದಲ್ಲ. ಅದ್ರ ಮೇಲೆ ನಮ್ಮ ಮಲ್ಪೆ ಕಡೆ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ತುಕ್ಕು ಹಿಡಿದು ಎಲ್ಲ ಒಂದಕ್ಕೊಂದು ಕಚ್ಚಿಕೊಂಡಿರ್ತದೆ. ನನ್ನ ಕಾರು, ಭಾವನ ಕಾರು ಎರಡರಲ್ಲೂ ಸೇರಿ ಈ ಮೂರನ್ನೂ ಮಾಡಿ ನೋಡಿದ್ದೇನೆ.

ಯಾವುದೇ ರೀತಿ ಮಾಡಿ, ಆಕ್ಸಲ್ ನಟ್ (ಹಬ್ಬಿನ ನಡುವಿನ ದೊಡ್ಡ ನಟ್ಟು) ಮಾತ್ರ ಕಾರು ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಲೂಸ್ ಮಾಡಿಕೊಳ್ಳಿ. ಬ್ರೇಕ್ ಕ್ಯಾಲಿಪರನ್ನು (ಡಿಸ್ಕನ್ನು ಹಿಡಿಯುವ ಭಾಗ) ತಂತಿ ಕಟ್ಟಿ ನೇತುಹಾಕಿ, ಬ್ರೇಕ್ ಹೋಸಿನ ಮೇಲೆ ಭಾರ ಬೀಳಬಾರ್ದು.

ಸ್ಲೈಡ್ ಹ್ಯಾಮರ್, ಅಂದ್ರೆ ರಾಡಿನ ಮೇಲೆ ಜಾರುವ ಭಾರದಿಂದ ಹೊರಕ್ಕೆ ಹೊಡೆದು ಎಳೆಯುವ ಸಾಧನ, ಹಬ್ಬನ್ನು ಹೊರಗೆ ತರ್ಲಿಕ್ಕೆ ಭಾರೀ ಒಳ್ಳೇದು. ಹೊಡೆತ ಎಲ್ಲ ಬೇರಿಂಗಿನ ಗುಂಡುಗಳ ಮೇಲೇ ಬೀಳ್ತದೆ, ಆದ್ರೆ ಅದು ಹೇಗೂ ಎಸೆಯುವ ಬೇರಿಂಗು ಅಲ್ವಾ, ತೊಂದರೆ ಇಲ್ಲ. ಹಬ್ ಬರುವಾಗ ಹೊರಬದಿಯ ಇನ್ನರ್ ರೇಸ್ (ಬೇರಿಂಗಿನ ಒಳಗಿನ ಉಂಗುರ) ಅದಕ್ಕೇ ಅಂಟಿಕೊಂಡು ಬಂತು, ಅದನ್ನು ಗ್ರೈಂಡರಲ್ಲಿ ಓರೆಯಾಗಿ ಮುಕ್ಕಾಲು ದಪ್ಪ ಮಾತ್ರ ಕೊಯ್ದು, ಆ ಗೆರೆಗೆ ಉಳಿ ಇಟ್ಟು ಹೊಡೆದ್ರೆ ಟಣ್ ಅಂತ ಸೀಳ್ತದೆ, ಮತ್ತೆ ಕೈಯಲ್ಲೇ ಜಾರ್ತದೆ. ಪೂರ್ತಿ ಕೊಯ್ಲಿಕ್ಕೆ ಹೋದ್ರೆ ಹಬ್ಬಿಗೇ ಗಾಯ ಆಗ್ತದೆ. ಕನ್ನಡಕ ಹಾಕದೆ ಈ ಕೆಲಸಕ್ಕೆ ಇಳೀಬೇಡಿ ಮಾರಾಯ್ರೆ. ಆದ್ರೆ ನಕಲ್ ಒಳಗೆ ಉಳಿದ ಬೇರಿಂಗಿಗೆ ಈ ಹ್ಯಾಮರ್ ಎಂತದೂ ಮಾಡೂದಿಲ್ಲ.

ಅದಕ್ಕೆ ಪುಲ್ಲರ್ ಕಿಟ್ ಉಂಟು, ಉದ್ದದ ಸ್ಕ್ರೂ ರಾಡ್, ಎರಡು ಕಡೆ ಬಟ್ಟಲಿನಂಥ ಕಪ್, ಬೇರಿಂಗನ್ನು ಹಿಡಿದಿಡುವ ಸರ್ಕ್ಲಿಪ್ ತೆಗೆದು ತಿರುಗಿಸ್ತಾ ಹೋಗೂದು. ಸ್ಟ್ರಟ್ (ಶಾಕ್ ಅಬ್ಸಾರ್ಬರ್) ಬೋಲ್ಟ್ ಮುಟ್ಲಿಕ್ಕಿಲ್ಲ, ಹಾಗಾಗಿ ಚಕ್ರದ ಅಲೈನ್‌ಮೆಂಟ್ ಹಾಳಾಗೂದಿಲ್ಲ, ಇದು ದೊಡ್ಡ ಲಾಭವೇ. ನನ್ನ ಕಾರಲ್ಲಿ ಚೆಂದ ಬಂತು. ಭಾವನ ಕಾರು ಸಮುದ್ರದ ಹತ್ರವೇ ನಿಲ್ಲೂದು, ಅದರಲ್ಲಿ ರಾಡಿನ ಥ್ರೆಡ್ ಸವೆದು ಹೋಯ್ತು ಬಿಟ್ರೆ ಬೇರಿಂಗ್ ಅಲುಗಾಡ್ಲಿಲ್ಲ.

ಕೊನೆಗೆ ನಕಲನ್ನೇ ಬಿಚ್ಚಿ ಬೈಕಂಪಾಡಿಯ ಒಂದು ಲೇತ್ ವರ್ಕ್‌ಶಾಪಿಗೆ ತಗೊಂಡು ಹೋದ್ವಿ. ಬಿಚ್ಚೂದು ಹೆಚ್ಚು ಕೆಲಸ, ಬಾಲ್ ಜಾಯಿಂಟ್, ಟೈ ರಾಡ್, ಸ್ಟ್ರಟ್ ಬೋಲ್ಟ್ ಎಲ್ಲ ತೆಗೀಬೇಕು, ಆಮೇಲೆ ಅಲೈನ್‌ಮೆಂಟ್ ಖರ್ಚು ಬೇರೆ. ಆದ್ರೆ ಅಲ್ಲಿಯ ಪ್ರೆಸ್ಸಲ್ಲಿ, ಅಂದ್ರೆ ಒತ್ತುವ ಯಂತ್ರದಲ್ಲಿ, ಬೇರಿಂಗ್ ನೇರ ಇಳೀತದೆ, ಓರೆ ಆದ್ರೆ ಕೂಡಲೇ ಕಣ್ಣಿಗೆ ಕಾಣ್ತದೆ. ಅಲ್ಲಿ ನೀವು ಎದುರಲ್ಲೇ ನಿಂತು ನೋಡ್ಬೇಕಾದದ್ದು ಒಂದೇ: ಹೊಸ ಬೇರಿಂಗನ್ನು ನಕಲ್‌ಗೆ ಹಾಕುವಾಗ ಔಟರ್ ರೇಸ್ (ಹೊರಗಿನ ಉಂಗುರ) ಮೇಲೆ ಮಾತ್ರ ಒತ್ತಬೇಕು, ಹಬ್ ಹಾಕುವಾಗ ಅಡಿಯಿಂದ ಇನ್ನರ್ ರೇಸಿಗೆ ಸಪೋರ್ಟ್ ಕೊಡ್ಬೇಕು. ತಪ್ಪಿದ್ರೆ ಒತ್ತಡ ಗುಂಡುಗಳ ಮೂಲಕ ಹೋಗಿ ಟ್ರ್ಯಾಕಲ್ಲಿ ಗುಳಿ ಬೀಳ್ತದೆ, ಹೊಸ ಬೇರಿಂಗೇ ಸ್ವಲ್ಪ ದಿನದಲ್ಲಿ ಗುಂಯ್ ಅನ್ಲಿಕ್ಕೆ ಶುರು. ಎಬಿಎಸ್‌ಗೆ ಮ್ಯಾಗ್ನೆಟ್ ಇರುವ ಬೇರಿಂಗಾದ್ರೆ ಆ ಸೈಡು ಸೆನ್ಸರ್ ಕಡೆಗೇ ಬರ್ಬೇಕು.

ನನ್ನ ಲೆಕ್ಕದಲ್ಲಿ ಕರಾವಳಿ ಕಾರಿಗೆ ಹಬ್ ತೆಗೀಲಿಕ್ಕೆ ಸ್ಲೈಡ್ ಹ್ಯಾಮರ್, ಬಾಕಿ ಎಲ್ಲ ಪ್ರೆಸ್ಸು. ಘಟ್ಟದ ಮೇಲಿನ, ತುಕ್ಕು ಕಮ್ಮಿ ಇರುವ ಕಾರಾದ್ರೆ ಪುಲ್ಲರ್ ಕಿಟ್ಟೇ ಸಾಕು, ನಕಲ್ ಬಿಚ್ಚುವ ರಗಳೆ ಬೇಡ.